ವಾಸನೆ ನಿಂತ ಹೊತ್ತು

ಗ್ಯಾಸಿನ ಅಲಾರಂ ಬಂದ್ ಮಾಡಿಸಿದ್ದರು. ಸಮುದ್ರದ ನಡುವಿನ ತೈಲ ರಿಗ್ಗಿನಲ್ಲಿ ಸೊರಬದ ಉಚ್ಚಂಗಪ್ಪ ಸತ್ತ.

ಅವನ ಜೊತೆಗಾರ, ಶಿಕಾರಿಪುರದ ಸಿದ್ಧಲಿಂಗೇಶ್ ಈಗ ರಜೆಯಲ್ಲಿದ್ದಾನೆ. ಬೆಳಕು ಹರಿಯುವ ಮುಂಚೆಯೇ ಎದ್ದು ಒಲೆಯ ಪಕ್ಕ ಕೂರುತ್ತಾನೆ. ಹೆಂಡತಿ ಶರಣ್ಯ ರೊಟ್ಟಿ ಬೇಯಿಸುತ್ತಾಳೆ; ಇವನು ಮೂಗರಳಿಸಿ ಕಾಯುತ್ತಾನೆ. ಹಿಟ್ಟು ಸೀದ ವಾಸನೆ ಬಡಿದ ಮೇಲೆಯೇ ಅವನ ಹೆಗಲು ಸಡಿಲಾಗುವುದು.

“ದಿನಾ ಒಂದು ರೊಟ್ಟಿ ಸೀಯಿಸಬೇಕು ನೋಡ್ರಿ ಇವರಿಗೆ. ಮೊದಲು ಸೀದ್ರೆ ಬೈತಿದ್ರು,” ಶರಣ್ಯ ನಗುತ್ತಾಳೆ. ಅವನು ನಗುವುದಿಲ್ಲ.

ರಿಗ್ಗಿನಲ್ಲಿ ಅವನದು ಜರಡಿ ಕೆಲಸ. ಕಡಲ ತಳ ಕೊರೆಯುವಾಗ ಮೇಲೆ ಬರುವ ಕೆಸರು, ಕಲ್ಲುಚೂರು ಗಡಗಡ ನಡುಗುವ ಜರಡಿಗೆ ಬೀಳುತ್ತದೆ. ಹನ್ನೆರಡು ಗಂಟೆ ಅದರ ಮುಂದೆ ಬಗ್ಗಿ ನಿಂತು ತೊಳೆಯಬೇಕು. ನಮ್ಮ ಸ್ಕೂಟರಿನ ಪೆಟ್ರೋಲಿನ ಹಿಂದೆ ಇಂಥ ಬೆನ್ನುಗಳಿವೆ. ಯಾವ ಬಂಕಿನ ಬೋರ್ಡಿನಲ್ಲೂ ಅವುಗಳ ಹೆಸರಿಲ್ಲ.

ಎಣ್ಣೆ ಅಲ್ಲೇ ಯಾಕೆ ಕೂತಿದೆ? ರಿಗ್ಗಿನ ಭೂವಿಜ್ಞಾನಿ ಹೇಳಿಕೊಟ್ಟದ್ದನ್ನು ಅವನು ತವೆ ತೋರಿಸಿ ಹೇಳುತ್ತಾನೆ. “ಹಿಂದೆ ಅಲ್ಲಿ ಭೂಮಿ ಸೀಳಿ ತಗ್ಗು ಬಿತ್ತಂತ್ರೀ. ಅದರಾಗೆ ಮಣ್ಣು ಪದರ ಪದರ ತುಂಬ್ತು. ಕೋಟ್ಯಂತರ ವರ್ಷ ಕಳೆದು ಎರಡೂ ಕಡೆಯಿಂದ ಒತ್ತು ಬಿತ್ತು. ಕುಸಿದಿದ್ದ ತಗ್ಗು ಅದೇ ಸೀಳಿನ ಗುಂಟ ವಾಪಸ್ ಎದ್ದು ಉಬ್ಬಿತು. ರೊಟ್ಟಿಯೊಳಗೆ ಹಬೆ ಕೂತಂಗೆ, ಎಣ್ಣಿ, ಗ್ಯಾಸು ಆ ಉಬ್ಬಿನಾಗೆ ಕೂಡ್ತಾವೆ. ಮೇಲಿನ ಪದರ ಗಟ್ಟಿ ಇದ್ರೆ ಸೈ. ಆದ್ರೆ ಉಬ್ಬೋವಾಗ ಬಿರುಕೂ ಬಿಟ್ಟಿರ್ತದಲ್ಲ? ಗ್ಯಾಸು ಅದರಾಗೆ ನುಸುಳಿ, ಯಾರೂ ಎಣಿಸದ ಜಾಗದಾಗೆ ಕಾಯ್ತಿರ್ತದೆ.”

ತವೆಯ ರೊಟ್ಟಿ ಒಂದು ಕಡೆ ಹರಿದು ಬುಸ್ಸೆನ್ನುತ್ತದೆ. ಅವನು ಬೆಚ್ಚಿ ಹಿಂದೆ ಸರಿಯುತ್ತಾನೆ.

ಅಲ್ಲಿನ ಗ್ಯಾಸಿನಲ್ಲಿ ವಿಷವಿತ್ತು. ಕೊಳೆತ ಮೊಟ್ಟೆಯ ನಾತ. “ನಾತ ಬರೋತನಕ ಜೀವ ಐತಿ ಅಂತ ತಿಳಕೊಳ್ರಿ. ವಿಷ ಹೆಚ್ಚಾದ್ರೆ ಮೂಗೇ ಸತ್ತೋಗ್ತದೆ.”

ಆ ಬೆಳಗ್ಗೆ ಅಲಾರಂ ಮತ್ತೆ ಮತ್ತೆ ಕೂಗಿತ್ತು. ಕೂಗಿದಾಗಲೆಲ್ಲ ಕೊರೆತ ನಿಲ್ಲುತ್ತಿತ್ತು, ಮೇಲಿನವರ ಮುಖ ಕೆಂಪಾಗುತ್ತಿತ್ತು. ಕೊನೆಗೆ ಅದರ ಬಾಯಿಯನ್ನೇ ಮುಚ್ಚಿಸಿದರು. ಜರಡಿ ಬಳಿಯಿಂದ ಉಚ್ಚಂಗಪ್ಪ ಕೈ ಬೀಸಿದ. “ವಾಸನೆ ಹೋಯ್ತು ಮಾರಾಯ, ಬಾ!” ಬೀಸಿದ ಕೈ ಇಳಿಯುವ ಮುಂಚೆ ಬಿದ್ದ.

ಬಿಸಿಲೇರುವಾಗ ಬಾಗಿಲಿಗೆ ಕಾರು ಬರುತ್ತದೆ. ಗುತ್ತಿಗೆ ಕಂಪನಿಯ ನಾಗರಾಜ್. “ಸೊರಬಕ್ಕೆ ಹೋಗಿ ಬರೋಣ್ರೀ. ಅವರ ಹೆಂಡ್ತಿಗೆ ಇಷ್ಟೇ ಹೇಳಿ: ಅಲಾರಂ ಕೂಗ್ತು, ಉಚ್ಚಂಗಪ್ಪನೇ ಕೇಳಲಿಲ್ಲ. ಮುಂದಿನ ಹೆಲಿಕಾಪ್ಟರಿಗೆ ನಿಮ್ಮ ಸೀಟು ಇರುತ್ತೆ. ಇಲ್ಲಾಂದ್ರೆ ಯಾವ ರಿಗ್ಗಿನವರೂ ನಿಮ್ಮನ್ನ ಕರೆಯಲ್ಲ.”

ಸಿದ್ಧಲಿಂಗೇಶ್ ಕಾರು ಹತ್ತುತ್ತಾನೆ. “ರಿಗ್ಗಿಗೆ ಹೋಗಾಕೂ ಹೆದರಿಕೆ, ಹೋಗದೇ ಇರಾಕೂ ಹೆದರಿಕೆ,” ಎನ್ನುತ್ತಾನೆ, ಕಿಟಕಿಯ ಗಾಜು ಇಳಿಸಿ ಗಾಳಿ ಮೂಸುತ್ತಾ.

ಸೊರಬದ ಬಸ್‌ಸ್ಟ್ಯಾಂಡಿನ ಹಿಂದಿನ ಮನೆ. ಉಚ್ಚಂಗಪ್ಪನ ಹೆಂಡತಿ ಹುಲಿಯಮ್ಮ ಚಾ ತಂದಿಟ್ಟು ಎದುರಿಗೇ ಕೂರುತ್ತಾಳೆ.

“ಅಲಾರಂ ಕೂಗಿದ್ರೂ ಕೇಳಲಿಲ್ಲ ಅಂತ ಈ ಕಂಪನಿಯವರು ಫೋನಲ್ಲಿ ಹೇಳಿದ್ರು. ಎಂತ ಮಾತು ಅದು! ಕುಕ್ಕರ್ ಕೂಗಿದ್ರೆ ಅಂಗಳಕ್ಕೆ ಓಡೋ ಮನುಷ್ಯ ನಮ್ಮನೆಯವರು. ನೀನು ಜೊತೇಲೇ ಇದ್ದೆಯಲ್ಲ ತಮ್ಮಾ, ಕೂಗ್ತಾ?”

“ಹೇಳ್ರೀ ಸಿದ್ಧಲಿಂಗೇಶ್,” ನಾಗರಾಜ್ ಮೊಣಕೈಯಿಂದ ತಿವಿಯುತ್ತಾನೆ.

ಸಿದ್ಧಲಿಂಗೇಶ್ ಲೋಟವನ್ನು ಕೆಳಗಿಡುತ್ತಾನೆ.

“ಆ ಮಾತು ನಾ ಹೇಳೂದಿಲ್ಲ ಸಾರ್. ಇಲ್ಲಕ್ಕಾ, ಆ ಹೊತ್ತಿಗೆ ಕೂಗ್ಲಿಲ್ಲ, ಬಂದ್ ಮಾಡ್ಸಿದ್ರು.”