ಕಾಳು ಕೊಡುವವರಿಲ್ಲದ ಮನೆಗಳು

ಮೊನ್ನೆ ಬೆಳಿಗ್ಗೆ ವಂಶಾವಳಿ ಓದುವ ಹೆಳವ ಬಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಪುಸ್ತಕಕ್ಕೆ ಸುತ್ತಿದ್ದ ಕೆಂಪು ಬಟ್ಟೆ ಬಿಚ್ಚಿದ. ಹುಳ ಹಿಡಿಯದಿರಲೆಂದು ಹಾಳೆಗಳ ನಡುವೆ ಇಟ್ಟಿದ್ದ ಬೇವಿನೆಲೆ ಒಣಗಿ ಪುಡಿಯಾಗಿತ್ತು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಶಾಲೆಯ ಹಿರಿಯ ಮಾಸ್ತರರು ನೆನಪಾದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ಐವತ್ತರ ದಶಕದ ಕೊನೆ ಅದು. ನರಗುಂದದ ಬಂಡಾಯಕ್ಕೆ ನೂರು ವರ್ಷ ತುಂಬುತ್ತಿತ್ತು. ಆ ಗದ್ದಲದಲ್ಲಿ ಇಂಗ್ಲಿಷರ ದಂಡು ನಮ್ಮ ಸಣ್ಣ ಊರಿಗೂ ನುಗ್ಗಿ, ಊರಬಾಗಿಲಾದ ಅಗಸಿಯ ಮುಂದೆ ಜನರನ್ನು ನಿಲ್ಲಿಸಿ ಕೊಂದಿತೆಂದು ಎಲ್ಲರೂ ಹೇಳುತ್ತಿದ್ದರು. ಎಷ್ಟು ಜನ, ಯಾರು ಯಾರು ಎಂದು ಬರೆದಿಟ್ಟವರು ಯಾರೂ ಇರಲಿಲ್ಲ. ಅದನ್ನೆಲ್ಲ ಸೇರಿಸಿ ಪುಸ್ತಕ ತರಬೇಕೆಂದು ಊರಲ್ಲಿ ಒಂದು ಕಮಿಟಿ ಹುಟ್ಟಿತು. ಶಾಲೆಗೆ ಹೊಸದಾಗಿ ಸೇರಿ 'ಸಣ್ಣ ಮಾಸ್ತರ' ಎನಿಸಿಕೊಂಡಿದ್ದ ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಸತ್ತವರ ಪಟ್ಟಿ ಮಾಡುವುದು ಹಿರಿಯ ಮಾಸ್ತರರ ಪಾಲಿಗೆ ಬಂತು.

ಮೊದಲ ಸಭೆಯಲ್ಲಿ ಸತ್ತವರು ನೂರು ಜನ. ಎರಡನೆಯ ಸಭೆಯಲ್ಲಿ ಮುನ್ನೂರು. ಅವಲಕ್ಕಿ, ಚಹಾ ಬಂದ ದಿನ ಅಧ್ಯಕ್ಷರಾಗಿದ್ದ ಗೌಡರು, "ಐನೂರಕ್ಕ ಕಡಿಮಿ ಬರದ್ರ ನಮ್ಮೂರ ಮಾನ ಏನ ಉಳೀತದ?" ಎಂದರು. ಮಾಸ್ತರರ ಪಟ್ಟಿಯಲ್ಲಿ ಅಲ್ಲಿಯವರೆಗೆ ಇದ್ದದ್ದು ಹನ್ನೊಂದು ಹೆಸರು.

ಅದಕ್ಕೆ ಅವರ ಹಟವೇ ಕಾರಣ. ಸತ್ತವನ ತಂದೆಯ ಹೆಸರು, ಮನೆ ಇದ್ದ ಜಾಗ ಗೊತ್ತಾಗದೆ ಅವರು ಯಾರನ್ನೂ ಬರೆದುಕೊಳ್ಳುತ್ತಿರಲಿಲ್ಲ. "ಬರೇ ಬಸಪ್ಪ ಅಂದ್ರ ಯಾವ ಬಸಪ್ಪ? ಊರ ತುಂಬ ಬಸಪ್ಪನ ಅದಾರ" ಎನ್ನುತ್ತಿದ್ದರು. ಭಾನುವಾರ ಬಂತೆಂದರೆ ಚಿಕ್ಕನರಗುಂದವೋ ಹೊಳೆಆಲೂರೋ, ನಮ್ಮೂರಿನಿಂದ ಅಲ್ಲಿಗೆ ಲಗ್ನವಾಗಿ ಹೋದ ಮುದುಕಿಯರನ್ನು ಹುಡುಕಿಕೊಂಡು ಹೋಗಬೇಕು. ಎದುರುಗಾಳಿಯಲ್ಲಿ ಸೈಕಲ್ ತುಳಿಯುವವನು ನಾನು. ಹಿಂದೆ ಕುಳಿತು "ಲಗೂ ಹೊಡೀರಿ" ಎನ್ನುವವರು ಅವರು.

ಒಮ್ಮೆ ಬಸ್ಸು ಹತ್ತಿಸಿ ಸೂಡಿಗೆ ಕರೆದೊಯ್ದರು. ಈಗ ಬಂದಿದ್ದ ಹೆಳವನ ತಂದೆ ಅಲ್ಲಿ ಬೀಡುಬಿಟ್ಟಿದ್ದ. ಮನೆಮನೆಗೆ ಹೋಗಿ ಆಯಾ ವಂಶದ ಹೆಸರುಗಳನ್ನು ಓದಿ, ಜೋಳವೋ ಬಟ್ಟೆಯೋ ಪಡೆದು ಮುಂದಿನ ಊರಿಗೆ ಹೋಗುವುದು ಅವರ ಕಸುಬು. ಮಾಸ್ತರರು ಕಾಡಿ ಬೇಡಿ, ಬೇವಿನೆಲೆ ಇಟ್ಟಿದ್ದ ನಮ್ಮೂರಿನ ಹಳೆಯ ಹಾಳೆಗಳನ್ನು ತೆಗೆಸಿದರು. ಅದರಲ್ಲಿ ಮೂರು ಮನೆತನಗಳು ಬಂಡಾಯದ ವರ್ಷಕ್ಕೇ ನಿಂತುಹೋಗಿದ್ದವು. ಅಪ್ಪ, ಮಕ್ಕಳು, ತಮ್ಮಂದಿರು, ಯಾರ ಕೆಳಗೂ ಮುಂದೆ ಹೆಸರಿಲ್ಲ. ಅಂಥ ಮನೆಗಳು ಇದ್ದವೆಂದು ನಾವು ಕೇಳಿಯೂ ಇರಲಿಲ್ಲ.

"ಇಷ್ಟ ವರ್ಷ ಇವರನ್ನ ಯಾಕ ಓದಲಿಲ್ಲ?" ಎಂದು ಮಾಸ್ತರರು ಕೇಳಿದರು.

"ಕಾಳ ಕೊಡೋರ ಇಲ್ಲದ ಮನಿ ಯಾರ ಮುಂದ ಓದೂದ್ರಿ?" ಎಂದ ಹೆಳವ.

ಮಾಸ್ತರರು ಆ ಮೂರು ಮನೆಗಳ ಒಂದೊಂದು ಹೆಸರನ್ನೂ ಬರೆದುಕೊಂಡರು. ಅಷ್ಟರಲ್ಲಿ ನಮ್ಮ ಬಸ್ಸು ಹೋಯಿತು.

ಗೌಡರು ಈ ಹೆಸರುಗಳನ್ನು ಒಪ್ಪಲಿಲ್ಲ. "ಹೆಳವರ ಮಾತು ಇತಿಹಾಸ ಆಗತದೇನ್ರಿ?" ಎಂದರು. ತಮ್ಮ ಮನೆತನದ ಏಳು ತಲೆಮಾರನ್ನು ಅದೇ ಪುಸ್ತಕದಿಂದ ಓದಿಸಿ ಮೀಸೆ ತಿರುವಿದ ಮನುಷ್ಯ ಅವರು. ಅತ್ತ ಅಚ್ಚಿನವರು ಅವಸರ ಮಾಡತೊಡಗಿದರು. ಇತ್ತ ಮಾಸ್ತರರದು ಒಂದೇ ಮಾತು: "ಒಬ್ಬನ ತಂದಿ ಹೆಸರು ಸಿಕ್ಕಿಲ್ಲ, ಎಂಟ ದಿನ ತಡೀರಿ." ಆ ಎಂಟು ದಿನ ಎರಡು ತಿಂಗಳಾಯಿತು. ನನಗೆ ತಲೆ ಕೆಟ್ಟುಹೋಯಿತು. "ನೂರ ವರ್ಷದ ಹಿಂದ ಸತ್ತಾಂವನ ಅಪ್ಪನ್ನ ಕಟಗೊಂಡು ಏನ ಮಾಡ್ತೀರಿ?" ಎಂದು ಶಾಲೆಯ ಮಕ್ಕಳೆದುರೇ ಕೂಗಾಡಿದೆ. ಆ ವಾರವೇ ಪಟ್ಟಿಯನ್ನು ಬಿಟ್ಟು, 'ಐನೂರಕ್ಕೂ ಹೆಚ್ಚು ಜನ' ಎಂದು ಬರೆದು ಅಚ್ಚಿಗೆ ಕಳಿಸಿದೆ.

ಪುಸ್ತಕ ಬಂದ ದಿನ ಮಾಸ್ತರರು ಆ ಪುಟ ಓದಿ ನನ್ನ ಕೈಗೆ ಮರಳಿ ಕೊಟ್ಟರು. "ಈ ಐನೂರು ಮಂದಿಯೊಳಗ ಒಬ್ಬನ ಹೆಸರು ಹೇಳ್ರಿ" ಎಂದರು. ಪಟ್ಟಿಯನ್ನು ಎಷ್ಟೋ ಸಲ ನಕಲು ಮಾಡಿದವನು ನಾನೇ. ಒಂದು ಹೆಸರೂ ಬಾಯಿಗೆ ಬರಲಿಲ್ಲ.

ಮರುವರ್ಷ ಅವರಿಗೆ ಗಜೇಂದ್ರಗಡಕ್ಕೆ ವರ್ಗವಾಯಿತು. ಅಲ್ಲಿಯೇ ತೀರಿಕೊಂಡರು. ಹೆಂಡತಿ ಮಕ್ಕಳಿರಲಿಲ್ಲ. ಆ ಪಟ್ಟಿ ಏನಾಯಿತೋ... ಹೋಗಿ ಕೇಳಬಹುದಿತ್ತು. ನಾನೂ ನೌಕರಿಗೆಂದು ಊರು ಬಿಟ್ಟವನು, ನಿವೃತ್ತನಾದ ಮೇಲೆಯೇ ತಿರುಗಿ ಬಂದೆ.

ಮೊನ್ನೆ ಹೆಳವ ನಮ್ಮ ವಂಶ ಓದಿ ಮುಗಿಸಿದ. ಜೋಳ ತರಲು ಎದ್ದೆ.

"ಕೂಡ್ರಿ, ಇನ್ನ ಮೂರ ಮನಿ ಅದಾವು" ಎಂದ ಅವನು ಹಾಳೆ ತಿರುವಿ ಓದತೊಡಗಿದ. ಅದೇ ಅಪ್ಪ, ಅದೇ ಮಕ್ಕಳು, ಅದೇ ತಮ್ಮಂದಿರು. ಓದಿ ಮುಗಿದ ಮೇಲೆ ಹೇಳಿದ: "ಮಾಸ್ತರರು ನಮ್ಮಪ್ಪಗ ಒಂದ ಚೀಲ ಜ್ವಾಳ ಕೊಟ್ಟು ಹೇಳಿದ್ರಂತ್ರಿ. ಇವರನ್ನ ಸಣ್ಣ ಮಾಸ್ತರ ಮುಂದ ಓದ್ರಿ, ಅವರು ಬೈದ್ರೂ ಕೇಳ್ತಾರ ಅಂತ. ನೀವು ಊರಾಗ ಸಿಗಲೇ ಇಲ್ಲ."

ಬದುಕಿದ್ದಾಗಲೂ ಕಾಡಿದರು, ಸತ್ತ ಮೇಲೂ ನನಗೇ ಕೆಲಸ ಹಚ್ಚಿ ಹೋದರಲ್ಲ ಎಂದು ಮೈಯೆಲ್ಲ ಉರಿಯಿತು. ಅಳುವೂ ಬಂತು. ಒಳಗೆ ಹೋಗಿ ನಮ್ಮ ಪಾಲಿನ ಜೋಳದ ಜೊತೆ ಇನ್ನೊಂದು ಬುಟ್ಟಿ ತುಂಬಿಕೊಂಡು ಬಂದು ಅವನ ಚೀಲಕ್ಕೆ ಸುರಿದೆ. "ಇವರ ಕೆಳಗ ಮಾಸ್ತರರನ್ನೂ ಬರಕೋ" ಎಂದು ಅವರ ಹೆಸರು ಹೇಳಿದೆ.

ಅವನು ಬರೆದುಕೊಂಡು ತಲೆ ಎತ್ತಿದ. "ತಂದಿ ಹೆಸರು?"

ಹೇಳಲು ಬಾಯಿ ತೆರೆದೆ... ಅಷ್ಟು ಭಾನುವಾರ ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಿರುಗಿದ್ದೆ. ಒಮ್ಮೆಯೂ ಕೇಳಿರಲಿಲ್ಲ.