ಮೂರನೇ ಸಾಲಿನ ನಗು

ನಮ್ಮ ಭಾವ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಬಿಡುವಾದಾಗ ಅದನ್ನೇ ನುಡಿಸಿ, ಹಾಡಿ ಜನರನ್ನು ನಗಿಸುತ್ತಾರೆ. ನಗಿಸುತ್ತಾರೆ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ. ಪಕ್ಕದಲ್ಲಿ ಕೂತು ಡ್ರಮ್ಮು ಬಾರಿಸುವ ನನಗಂತೂ ಒಂದು ದಿನವೂ ನಗು ಬಂದಿಲ್ಲ.

ಅವರ ಹೆಸರುವಾಸಿ ಐಟಂ ಮೀಸೆ ಹಾಡು. ಕ್ಷೌರಿಕ ಎಡಮೀಸೆಯನ್ನು ಸ್ವಲ್ಪ ಜಾಸ್ತಿ ಕತ್ತರಿಸುತ್ತಾನೆ. ಸಮ ಮಾಡಲು ಹೋಗಿ ಬಲಮೀಸೆ, ಆಮೇಲೆ ಮತ್ತೆ ಎಡ. ಒಂದೊಂದು ಚರಣಕ್ಕೂ ಭಾವ ಒಂದೊಂದು ಸ್ವರ ಬಿಟ್ಟುಬಿಡುತ್ತಾರೆ. ಕೊನೆಗೆ ಮೀಸೆಯೂ ಇಲ್ಲ, ರಾಗವೂ ಇಲ್ಲ, ಉಳಿಯುವುದು ಒಂದೇ ಸ್ವರ. ಅದನ್ನು ಒತ್ತಿ ಹಿಡಿದು ನಾಲ್ಕು ಎಣಿಸುವಷ್ಟು ಕಾಯುತ್ತಾರೆ. ಎರಡಕ್ಕೆ ಮೂರನೇ ಸಾಲಿನಿಂದ ನಮ್ಮಕ್ಕ ಕಿಲಕಿಲ ನಗಬೇಕು, ಮೂರಕ್ಕೆ ಸಭೆ ನಗುತ್ತದೆ. ಈ ಏರ್ಪಾಡು ಮನೆಯವರಿಗಷ್ಟೇ ಗೊತ್ತು.

ಈ ಸಲ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಎರಡು ತಿಂಗಳು ಪಿಸುಮಾತೂ ಕೂಡದು, ಜೋರು ಮಾಡಿದರೆ ಹೊಲಿಗೆ ಬಿಚ್ಚಿ ದನಿಯೇ ಹೋದೀತು ಎಂದರು ಡಾಕ್ಟರು. ಮೂರನೇ ವಾರಕ್ಕೆ ಕಾರ್ಖಾನೆಯೊಂದರ ವಾರ್ಷಿಕ ಸಮಾರಂಭ ಒಪ್ಪಿಕೊಂಡಾಗಿತ್ತು. ಭಾವನಿಗೆ ಊಟ ಸೇರಲಿಲ್ಲ. ರಿಪೇರಿಗೆ ಬಂದ ಹಾರ್ಮೋನಿಯಂನ ತಿದಿಯ ಚರ್ಮಕ್ಕೆ ಅಂಟು ಹಚ್ಚುವಾಗ ಬೆರಳೇ ಅಂಟಿಕೊಂಡಿತು.

“ನಿಜ ಹೇಳೋ, ನಾನು ಮಾಡೋದು ತಮಾಷೆಯಾಗಿರುತ್ತಾ?”

“ಈಗ ಕೇಳ್ತಿದೀರಲ್ಲ ಭಾವ!”

“ಅಂದ್ರೆ ಇಲ್ಲ ಅಂತ.”

ನಾನು ಡ್ರಮ್ಮಿನ ತಿರುಪು ಬಿಗಿ ಮಾಡುತ್ತ ಕೂತೆ. ಅವರ ಹೆದರಿಕೆ ನನಗೂ ಹತ್ತಿತ್ತು.

ಸಮಾರಂಭದ ದಿನ ಮಧ್ಯಾಹ್ನ ಮೂರಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಅಕ್ಕ ಬೇಡವೆಂದರೂ ಬಂದು ತನ್ನ ಜಾಗದಲ್ಲೇ ಕೂತಿದ್ದಳು, ಕತ್ತಿಗೆ ಬಟ್ಟೆ ಸುತ್ತಿಕೊಂಡು, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು. ಎಡಮೀಸೆ ಹೋಯಿತು, ಬಲಮೀಸೆ ಹೋಯಿತು. ಕೊನೆಯ ಸ್ವರ ಬಂತು. ಒಂದು. ಎರಡು. ಮೂರು. ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ನಾಲ್ಕು, ಐದು, ಆರು. ಭಾವನ ಬೆರಳು ಮೇಲೇಳಲೇ ಇಲ್ಲ. ಹಣೆಯ ಬೆವರು ಹಾರ್ಮೋನಿಯಂ ಮೇಲೆ ತೊಟ್ಟಿಕ್ಕಿತು.

ಆಗ ಅಕ್ಕ ಎದ್ದು ನಿಂತಳು. ಕತ್ತಿನ ಬಟ್ಟೆ ಸಡಿಲಿಸಿ, ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದಳು.

“ನಗ್ಬೇಡ! ನಗ್ಬೇಡ ಕಣೇ, ನಿನ್ನ ದಮ್ಮಯ್ಯ!”

ಭಾವ ವೇದಿಕೆಯಿಂದ ಧುಮುಕಿಯೇಬಿಟ್ಟಿದ್ದರು. ಕುರ್ಚಿಗಳಿಗೆ ಎಡವಿ, ಬಿದ್ದು, ಎದ್ದು ಓಡಿ ಅಕ್ಕನ ಬಾಯಿ ಮುಚ್ಚಿದರು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಹೊಟ್ಟೆ ಹಿಡಿದುಕೊಂಡವರೆಷ್ಟು, ಕಣ್ಣೊರೆಸಿಕೊಂಡವರೆಷ್ಟು! ಅಂಥ ನಗು ನಮ್ಮ ಇಪ್ಪತ್ತು ವರ್ಷದಲ್ಲಿ ಎಂದೂ ಸಿಕ್ಕಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ.

ಹೊರಡುವಾಗ ಮ್ಯಾನೇಜರು ಭಾವನ ಕೈ ಕುಲುಕಿದರು. “ಆ ನಗ್ಬೇಡ ಅಂತ ಹಾರಿದ್ದು ಸೂಪರ್ ಸಾರ್. ಮುಂದಿನ ವರ್ಷಾನೂ ಅದನ್ನೇ ಮಾಡಿ.” ಭಾವ ತಲೆಯಾಡಿಸಿದರು.

ಬಸ್ಸಿನಲ್ಲಿ ಅಕ್ಕ ಸ್ಲೇಟಿನ ಮೇಲೆ ಬರೆದಳು: ‘ಆ ಹಾಡಿಗೆ ನಂಗೆ ಯಾವತ್ತೂ ನಗು ಬಂದಿಲ್ಲ. ನೀವು ಹೆದರ್ಕೊಂಡು ಕೂತಿರೋದನ್ನ ನೋಡೋಕಾಗದೆ ನಗ್ತಿದ್ದೆ.’

ಭಾವ ಎರಡು ಸಲ ಓದಿದರು. ಅಂಗೈಯಿಂದ ಸ್ಲೇಟು ಒರೆಸಿ ಅವಳ ಕೈಗೇ ಕೊಟ್ಟರು.

“ಇನ್ಮೇಲೆ ನೀನು ಬರ್ಬೇಡ.”

ಅಕ್ಕ ಮತ್ತೆ ಬರೆದಳು: ‘ಮುಂದಿನ ವರ್ಷಾನೂ ಮೂರನೇ ಸಾಲೇ.’