ಕತ್ತರಿಸಿದ ಕಡೇ ನುಡಿ

ಗಂಗಾವತಿಯ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಮಕ್ಬುಲಸಾಬನ ಹಾಡಿನ ಅಂಗಡಿ ಇದೆ. ಈಗ ಅಲ್ಲಿಗೆ ಬರುವವರು ಹೆಚ್ಚಾಗಿ ಟ್ರ್ಯಾಕ್ಟರಿನವರು. ಪೆನ್‌ಡ್ರೈವ್ ಕೊಟ್ಟು, "ಛಲೋ ಹಿಟ್ಸ್ ತುಂಬ್ರಿ ಚಾಚಾ" ಅನ್ನುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಿ ಮಕ್ಬುಲ ಊರವರ ಬಾಯಲ್ಲಿದ್ದ ಹಾಡುಗಳನ್ನು ಆರಿಸಿ, ಒಂದೇ ಕ್ಯಾಸೆಟ್ಟಿಗೆ ಇಳಿಸಿ, 'ಗಂಗಾವತಿ ಹಿಟ್ಸ್' ಎಂದು ಚೀಟಿ ಅಂಟಿಸಿ ಮಾರುತ್ತಿದ್ದ. ಆಮೇಲೆ ಸಿ.ಡಿ. ಬಂತು, ಮೆಮರಿ ಕಾರ್ಡ್ ಬಂತು. ಅವೇ ಹಾಡುಗಳು ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಬಂದವು.

ಮೊದಲನೇ ಕ್ಯಾಸೆಟ್ ಮಾಡುವಾಗ, ಸಿನಿಮಾ ಹಾಡುಗಳ ನಡುವೆ ನಮ್ಮ ಕಡೆಯದೂ ಒಂದಿರಲಿ ಅನಿಸಿ, ಇರಕಲ್ಲಗಡದಿಂದ ಶಾಂತಕ್ಕನನ್ನು ಕರೆಸಿದ್ದ. ಹೊರಗಿನ ಸದ್ದು ಬಾರದಂತೆ ಅಂಗಡಿಯ ಹಿಂದಿನ ಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಅವಳ ಬೀಸುಕಲ್ಲಿನ ಹಾಡನ್ನು ತುಂಬಿಕೊಂಡ. ಅವಳ ಅಪ್ಪ ಕಟ್ಟಿ ಕಲಿಸಿದ ಹಾಡು ಅದು. ಕೊನೆಗೆ ಎಲ್ಲ ಹಾಡು ಜೋಡಿಸಿದಾಗ ಕ್ಯಾಸೆಟ್ಟಿನ ಜಾಗ ಸಾಲಲಿಲ್ಲ. ಸಿನಿಮಾ ಹಾಡು ತೆಗೆದರೆ ಯಾರು ಕೊಳ್ಳುತ್ತಾರೆ? ಒಂದು ನುಡಿ ಹೋದರೆ ಏನಾಯಿತು ಎಂದುಕೊಂಡು ಶಾಂತಕ್ಕನ ಕಡೇ ನುಡಿಯನ್ನು ಕತ್ತರಿಸಿದ. ಪೂರ್ತಿ ಹಾಡು ಇದ್ದ ಮೂಲ ಕ್ಯಾಸೆಟ್ಟಿನ ಮೇಲೆ ಬೇರೆ ಹಾಡು ತುಂಬಿಬಿಟ್ಟ.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ಆ ಹಾಡೇ. ಟೆಂಪೋಗಳಲ್ಲಿ, ಮದುವೆ ಪೆಂಡಾಲುಗಳಲ್ಲಿ, ಈಗ ಮೊಬೈಲುಗಳಲ್ಲಿ. ಹಾಡಿದವಳು ಯಾರೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಶಾಂತಕ್ಕನ ಮಗಳು ಲಲಿತಾ ಅಂಗಡಿಗೆ ಬಂದಳು.

"ಅವ್ವಗ ಗಂಟಲ ಆಪರೇಷನ್ ಆಗೇತ್ರಿ ಕಾಕಾ, ದನಿ ಹೋಗೇತಿ. ಕಡೇ ನುಡಿಯೊಳಗ ಅಜ್ಜನ ಹೆಸರು ಬರ್ತದಂತ. ಒಮ್ಮೆ ಕೇಳಬೇಕಂತಾಳ. ಪೂರ್ತಿ ಹಾಡು ಐತೇನ್ರಿ?"

ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ, "ಹುಡುಕಿ ಇಡ್ತೀನವ್ವ" ಅಂದುಬಿಟ್ಟ. ಅವಳು ಖುಷಿಯಿಂದ ಕೈ ಮುಗಿದು ಹೋದಳು. ಆ ಮುಗಿದ ಕೈ ನೆನಪಾದಾಗಲೆಲ್ಲ ಅವನು ಊಟ ಬಿಟ್ಟು ಏಳುತ್ತಿದ್ದ. ಹೆಂಡತಿ ಶಹನಾಜಬೇಗಂ ಕೆದಕಿ ಕೇಳಿ ವಿಷಯ ತಿಳಿದುಕೊಂಡಳು.

"ಆಕಿ ದಾರಿ ಕಾಯಾಕತ್ತಿರ್ತಾಳ. ಹೋಗಿ ಖರೇ ಹೇಳಿ ಬರ್ರಿ" ಅಂದಳು.

ಇರಕಲ್ಲಗಡದಲ್ಲಿ ಶಾಂತಕ್ಕ ಜಗುಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಮಕ್ಬುಲ ನಿಂತೇ ಎಲ್ಲ ಹೇಳಿದ. ಅವಳ ಕೈ ನಿಂತಿತು.

"ನಾ ಅವಾಗ ಕ್ಯಾಸೆಟ್ ಕೇಳಿ, ನಮ್ಮಪ್ಪನ್ನ ಹೊರಗ ಹಾಕ್ಯಾರ ಅಂತ ಅತ್ತಿದ್ದೆ" ಎಂದು ಪಿಸುಗುಟ್ಟಿದಳು. "ಆದ್ರ ಪೂರ್ತಿದು ನಿಮ್ಮ ಅಂಗಡ್ಯಾಗ ಐತಿ ಅಂತ ತಿಳ್ಕೊಂಡು ಸುಮ್ಮನಿದ್ದೆ ಸಾಹೇಬ್ರ."

ಕಡೇ ನುಡಿಯ ಮಾತುಗಳು ಅವಳಿಗೆ ನೆನಪಿದ್ದವು. ಮಗಳ ಕಿವಿಯಲ್ಲಿ ಒಂದೊಂದೇ ಸಾಲು ಹೇಳಿದಳು. ಕ್ಯಾಸೆಟ್ಟಿನ ಹಾಡಷ್ಟೇ ಕೇಳಿ ಗೊತ್ತಿದ್ದ ಲಲಿತಾ ಉಳಿದ ನುಡಿಗಳ ರಾಗದಲ್ಲೇ ಹಾಡಿದಳು. ಶಾಂತಕ್ಕ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಲಲಿತಾ ಮತ್ತೆ ಬೇರೆ ರೀತಿ ಹಾಡಿದಳು. ಅದೂ ಅಲ್ಲ. ಕಡೇ ನುಡಿಗೆ ಅಪ್ಪ ಬೇರೆ ಧಾಟಿ ಇಟ್ಟಿದ್ದನಂತೆ. ಬೆರಳಿನಿಂದ ಏರಿಳಿತ ತೋರಿಸಲು ನೋಡಿ, ಸೋತು ಕೈ ಮಡಿಲಿಗಿಳಿಸಿದಳು.

"ನೀವು ಕೇಳೀರಲ್ರಿ ಕಾಕಾ, ಹೆಂಗಿತ್ತು?" ಲಲಿತಾ ಕೇಳಿದಳು.

ಮಕ್ಬುಲ ಕಣ್ಣು ಮುಚ್ಚಿ ನೆನೆದ. ಕಿಟಕಿಯ ಕೌದಿ ನೆನಪಾಯಿತು, ಶಾಂತಕ್ಕನ ಹಸಿರು ಬಳೆ ನೆನಪಾಯಿತು. ಧಾಟಿ ಮಾತ್ರ ಬರಲಿಲ್ಲ. ಆ ಹೊತ್ತಿನಲ್ಲಿ ಅವನು ಹಾಡು ಕೇಳದೆ, ಟೇಪ್ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ.

"ನೆನಪಿಲ್ಲವ್ವ" ಎಂದು ತಲೆ ತಗ್ಗಿಸಿದ.

ಶಾಂತಕ್ಕ ಬೈಯಲಿಲ್ಲ, ಇರಲಿ ಬಿಡು ಅಂತಲೂ ಅನ್ನಲಿಲ್ಲ. ಹೊರಡುವಾಗ ಮಾತ್ರ ಹತ್ತಿರ ಕರೆದು, "ಅರ್ಧಾ ಹಾಡು ಇನ್ನ ಯಾರಿಗೂ ಕೊಡಬ್ಯಾಡ್ರಿ" ಅಂದಳು.

ಮಕ್ಬುಲ ಅಂಗಡಿಗೆ ಬಂದವನೇ ಅದನ್ನು ಕಂಪ್ಯೂಟರಿನಿಂದ ಅಳಿಸಿದ. ಮರುದಿನ ಟ್ರ್ಯಾಕ್ಟರ್ ಓಡಿಸುವ ಶ್ರೀರಾಮನಗರದ ಗಾಳೇಶ ಬಂದು ಅದೇ ಹಾಡು ಕೇಳಿದ.

"ಇಲ್ಲಪ್ಪ, ತೆಗೆದೀನಿ."

"ಇರ್ಲಿ ಬಿಡ್ರಿ ಚಾಚಾ, ನಮ್ಮ ದೋಸ್ತನ ಮೊಬೈಲಿನ್ಯಾಗ ಐತಿ" ಎಂದು ಗಾಳೇಶ ನಗುತ್ತಾ ಹೋದ.